ಒಡೆಯನ ಹೆಸರು ಹೊತ್ತ ಆಳು

ರೋಮ್‌ನಲ್ಲಿ ಅನ್ನಿಯಸ್ ಅನ್ನೋ ಮನೆತನ ಇತ್ತು. ಹಳೇ ಕುಲೀನರಲ್ಲ, ಸಾಮಾನ್ಯ ವರ್ಗದವರು. ಕ್ರಿ.ಪೂ. 153ರಲ್ಲಿ ಈ ಮನೆಯ ಟೈಟಸ್ ಅನ್ನಿಯಸ್ ಲಸ್ಕಸ್ ಕಾನ್ಸುಲ್ ಆದ. ಅನ್ನಿಯಸ್ ಅನ್ನೋದು ಕುಲದ ಹೆಸರು. ಹೆಣ್ಣುಮಕ್ಕಳಿಗೆ ಸ್ವಂತ ಹೆಸರು ಇಡೋದು ಕಡಿಮೆ. ಅಕ್ಕನೂ ಅನ್ನಿಯಾ, ತಂಗಿಯೂ ಅನ್ನಿಯಾ!

ಆದರೆ ಅನ್ನಿಯಸ್‌ಗಳೆಲ್ಲ ಒಂದೇ ರಕ್ತದವರಲ್ಲ. ಬಿಡುಗಡೆಯಾದ ಗುಲಾಮ ಒಡೆಯನ ಕುಲದ ಹೆಸರು ಇಟ್ಟುಕೊಳ್ಳುತ್ತಿದ್ದ, ಅವನ ಹಳೇ ಹೆಸರು ಕೊನೆಗೆ ಅಡ್ಡಹೆಸರಾಗಿ ಉಳಿಯುತ್ತಿತ್ತು.

ಪಬ್ಲಿಯಸ್ ಅನ್ನಿಯಸ್ ಪ್ಲೊಕಾಮಸ್‌ನನ್ನೇ ನೋಡಿ. ಪ್ಲೊಕಾಮಸ್ ಗ್ರೀಕ್ ಮಾತು, ಹೆಣೆದ ಕೂದಲು ಅಂತ ಅರ್ಥ. ಇಂಥ ಗ್ರೀಕ್ ಅಡ್ಡಹೆಸರಿದ್ದರೆ ಹಿಂದೆ ವಂಶದಲ್ಲಿ ಯಾರೋ ಗುಲಾಮರಿದ್ದಿರಬಹುದು ಅಂತ ಇತಿಹಾಸಕಾರರು ಊಹಿಸುವುದುಂಟು.

ಕೆಂಪು ಸಮುದ್ರದ ಸುಂಕ ವಸೂಲಿಯ ಗುತ್ತಿಗೆ ಹಿಡಿದ ಅನ್ನಿಯಸ್ ಪ್ಲೊಕಾಮಸ್ ಒಬ್ಬನ ಕಥೆಯನ್ನು ಪ್ಲಿನಿ ಬರೆದಿದ್ದಾನೆ. ಅವನು ಬಿಡುಗಡೆ ಮಾಡಿದ ಆಳೊಬ್ಬ ಅರೇಬಿಯಾ ಸುತ್ತ ಹೋಗುವಾಗ ಗಾಳಿಗೆ ಸಿಕ್ಕಿ, 15ನೇ ದಿನ ಶ್ರೀಲಂಕಾ ಮುಟ್ಟಿದನಂತೆ. ಅಲ್ಲಿನ ರಾಜ ಆರು ತಿಂಗಳು ಉಪಚರಿಸಿದ. ಬೇರೆ ಬೇರೆ ಮುಖದ ರೋಮನ್ ನಾಣ್ಯಗಳೆಲ್ಲ ಒಂದೇ ತೂಕ ಇದ್ದದ್ದು ಕಂಡು ಮೆಚ್ಚಿ, ರೋಮ್‌ಗೆ ನಾಲ್ವರು ದೂತರನ್ನು ಕಳಿಸಿದ. (ರೋಮನ್ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ.)

ಪ್ಲಿನಿ ಒಡೆಯನ ಹೆಸರು ಬರೆದ, ದೂತರ ಮುಖಂಡ ರಾಖಿಯಾಸ್‌ನ ಹೆಸರು ಬರೆದ. ಸಮುದ್ರ ದಾಟಿದ ಆಳಿನ ಹೆಸರು ಮಾತ್ರ ಬರೆಯಲಿಲ್ಲ.

ಈಜಿಪ್ಟಿನ ಮರುಭೂಮಿಯಲ್ಲಿ, ಬೆರೆನಿಕೆ ಬಂದರಿನ ದಾರಿಯ ಬಂಡೆಯೊಂದರ ಮೇಲೆ ಲ್ಯಾಟಿನ್, ಗ್ರೀಕ್ ಎರಡರಲ್ಲೂ ಒಂದು ಬರಹ ಇದೆ: ಪಬ್ಲಿಯಸ್ ಅನ್ನಿಯಸ್ ಪ್ಲೊಕಾಮಸ್‌ನ ಆಳು ಲೈಸಾಸ್ ಇಲ್ಲಿಗೆ ಬಂದಿದ್ದ ಅಂತ. ತಾರೀಖು ಕ್ರಿ.ಶ. 6ರ ಜುಲೈ 5. ಸಮುದ್ರ ದಾಟಿದವನು ಇವನೇ ಅನ್ನೋಕೆ ಆಧಾರ ಇಲ್ಲ. ಆದರೆ ಇವನ ಹೆಸರು ಕಲ್ಲಿನ ಮೇಲೆ ಇನ್ನೂ ಇದೆ.