ಸಗರನಾಡಿನ ಖಾನಾವಳಿ ಮತ್ತು ಚಹಾದಂಗಡಿ
(ಬಾನುಲಿ ಭಾಷಣ)

ಯಾದಗಿರಿಯಿಂದ ಭೀಮಾನದಿಯನ್ನು ದಾಟಿ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಪ್ರಯಾಣಿಕನು ಇಂದು ಹಸಿದಿರಬೇಕಾದ ಪ್ರಸಂಗವಿಲ್ಲ. ಊರು ಕಾಣುವ ಮೊದಲೇ ಕಾಯಿದ ಎಣ್ಣೆಯಲ್ಲಿ ಮಿರ್ಚಿ ಭಜಿ ಸಿಡಿಯುವ ಸದ್ದು ಕೇಳುತ್ತದೆ. ಮಂಡಕ್ಕಿಯ ಸುಸಲವೂ ಕುದಿಯುವ ಚಹವೂ ಸಿದ್ಧವಾಗಿರುತ್ತವೆ. ಇಷ್ಟು ಸಾಧಾರಣವಾದ ಸಂಗತಿಗೂ ಒಂದು ಇತಿಹಾಸವುಂಟೇ ಎಂದು ಕೇಳುಗರು ಆಶ್ಚರ್ಯಪಡಬಹುದು. ಉಂಟು. ಅರಸರ ಇತಿಹಾಸವನ್ನು ಕೋಟೆಗಳಲ್ಲಿ ಹುಡುಕುವಂತೆ, ಜನರ ಇತಿಹಾಸವನ್ನು ಅವರು ಯಾರೊಡನೆ ಕುಳಿತು ಉಂಡರು ಎಂಬುದರಲ್ಲಿ ಹುಡುಕಬೇಕೆಂದು ನನ್ನ ಭಾವನೆ.

ಕೃಷ್ಣಾ-ಭೀಮೆಯರ ನಡುವಿನ ಈ ಸಗರನಾಡಿನಲ್ಲಿ ಮನೆಯ ಹೊರಗಿನ ಊಟವೆಂದರೆ ಬಹುಕಾಲ ಬುತ್ತಿಯ ಊಟವೇ. ಬಿಳಿಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಉಳ್ಳಾಗಡ್ಡಿ. ಇಷ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡರೆ ಎರಡು ದಿನದ ಪ್ರಯಾಣಕ್ಕೆ ಕೊರತೆಯಿರಲಿಲ್ಲ. ಹಳ್ಳದ ದಂಡೆಯ ಬೇವಿನ ನೆರಳೇ ಊಟದ ಕೋಣೆ. ಬುತ್ತಿ ತೀರಿದವರಿಗೆ ಮಠಗಳ ದಾಸೋಹವಿತ್ತು, ಜಾತ್ರೆಗಳ ಪ್ರಸಾದವಿತ್ತು. ಬೇಯಿಸಿದ ಅನ್ನವನ್ನು ಹಣಕ್ಕೆ ಮಾರುವುದು ಮಾತ್ರ ಹೀನವೆಂಬ ಭಾವನೆ ಆಳವಾಗಿ ಬೇರೂರಿತ್ತು. ಹಸಿದು ಬಂದವನಿಂದ ದುಡ್ಡು ಕೇಳುವುದೆಂದರೆ ಗೃಹಸ್ಥನಿಗೆ ನಾಚಿಕೆಯ ಮಾತು. ಆದರೆ ಈ ಔದಾರ್ಯಕ್ಕೂ ಒಂದು ಹೊಸ್ತಿಲಿತ್ತು. ಬಂದವನ ಕುಲವನ್ನು ಕೇಳಿಯೇ ಅವನನ್ನು ಪಡಸಾಲೆಯಲ್ಲಿ ಕೂಡಿಸಬೇಕೋ ಅಂಗಳದಲ್ಲಿ ಕೂಡಿಸಬೇಕೋ ಎಂದು ನಿರ್ಧರಿಸುತ್ತಿದ್ದರು. ಇದನ್ನು ಮರೆತು ಹಳೆಯ ಕಾಲವನ್ನು ಹೊಗಳಿದರೆ ಅದು ಅರ್ಧ ಸತ್ಯವಾದೀತು.

1840ರ ದಶಕದಲ್ಲಿ ಸುರಪುರದ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ಅಲ್ಲಿಯ ಗುಡ್ಡದ ಮೇಲೆ ಒಂದು ಬಂಗಲೆಯನ್ನು ಕಟ್ಟಿಸಿದ. ಜನ ಅದನ್ನು ಇಂದಿಗೂ ‘ಟೇಲರ್ ಮಂಜಿಲ್’ ಎನ್ನುತ್ತಾರೆ. ಅವನಂಥ ಅಧಿಕಾರಿಗಳು ಸಂಚಾರಕ್ಕೆ ಹೊರಟರೆ ಡೇರೆಯೊಡನೆ ಅಡಿಗೆಯವನೂ ಜೊತೆಗಿರುತ್ತಿದ್ದ. ಬಡವನಿಗೆ ಬುತ್ತಿ, ದೊರೆಗೆ ಖಾನಸಾಮ. ಇಬ್ಬರಿಗೂ ಹೋಟೆಲು ಬೇಕಿರಲಿಲ್ಲ.

ಈ ವ್ಯವಸ್ಥೆಯನ್ನು ಕದಲಿಸಿದ್ದು ರೈಲು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ಯಾದಗಿರಿ ಆ ದಾರಿಯ ನಿಲ್ದಾಣವಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲೂ ಓಡತೊಡಗಿತು. ಶಹಾಪುರ, ಸುರಪುರಗಳಿಗೆ ರೈಲು ಇಂದಿಗೂ ಬಂದಿಲ್ಲ. ಆ ಊರುಗಳ ಸರಕೂ ಜನರೂ ಯಾದಗಿರಿಗೆ ಬಂದೇ ಗಾಡಿ ಹಿಡಿಯಬೇಕಾಯಿತು. ಗಾಡಿ ಕಾಯುವವನಿಗೆ ಹೊತ್ತು ಕಳೆಯಬೇಕು, ಬಾಯಿಗೆ ಬಿಸಿಯಾದದ್ದೇನಾದರೂ ಬೇಕು. ಚಹ ಹೊಕ್ಕದ್ದು ಈ ಬಾಗಿಲಿನಿಂದ. 1930ರ ದಶಕದಲ್ಲಿ ಪರದೇಶದ ಮಾರುಕಟ್ಟೆ ಕುಸಿದಾಗ ಚಹದ ತೋಟಗಳ ಒಡೆಯರು ನಮ್ಮ ದೇಶದವರಿಗೇ ಚಹದ ರುಚಿ ಹಚ್ಚಲು ದೊಡ್ಡ ಪ್ರಚಾರವನ್ನು ಕೈಕೊಂಡರು. ಊರೂರಿಗೆ ಬಂಡಿಗಳಲ್ಲಿ ಬಂದು ಚಹ ಮಾಡುವ ವಿಧಾನವನ್ನು ತೋರಿಸಿ ಪುಕ್ಕಟೆ ಹಂಚಿದರು. ನಿಲ್ದಾಣಗಳಲ್ಲಿ ಚಹದ ಫಲಕಗಳನ್ನು ನೆಟ್ಟರು. ಆದರೆ ಆ ಕಾಲದ ರೈಲು ನಿಲ್ದಾಣಗಳಲ್ಲಿ ‘ಹಿಂದೂ ಪಾನಿ’, ‘ಮುಸ್ಲಿಂ ಪಾನಿ’ ಎಂದು ಕುಡಿಯುವ ನೀರೇ ಬೇರೆ ಬೇರೆಯಾಗಿತ್ತು. ಒಂದೇ ಡಬ್ಬಿಯಲ್ಲಿ ಕುಳಿತು ಬಂದವರು ಇಳಿದೊಡನೆ ಎರಡಾಗುತ್ತಿದ್ದರು.

ತಾಲ್ಲೂಕಿನ ಊರುಗಳಲ್ಲಿ ಖಾನಾವಳಿಯನ್ನು ಬೆಳೆಸಿದವರು ಕಚೇರಿಗೆ ಅಲೆಯುವ ಕಕ್ಷಿಗಾರರು, ವರ್ಗವಾಗಿ ಬಂದ ಮಾಸ್ತರರು ಮತ್ತು ಗುಮಾಸ್ತರು, ಸಂತೆಗೆ ಬಂದ ವ್ಯಾಪಾರಿಗಳು. ತಾಟಿನಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಾಳಿನ ಪಲ್ಯ, ಹಿಂಡಿ, ಗಟ್ಟಿ ಮೊಸರು. ಕಡೆಗೆ ಒಂದಿಷ್ಟು ಅನ್ನ. ಮನೆಯ ಊಟವೇ ಬೀದಿಗೆ ಬಂದು ಬೆಲೆ ಕಟ್ಟಿಸಿಕೊಂಡಿತೆನ್ನಬಹುದು. ಮನೆಯ ಕಟ್ಟಳೆಯೂ ಅದರೊಡನೆ ಬಂದಿತು. ‘ಲಿಂಗಾಯತ ಖಾನಾವಳಿ’, ‘ಬ್ರಾಹ್ಮಣರ ಫಳಾರ’ ಎಂಬ ಫಲಕಗಳು ಅಡಿಗೆ ಮಾಡಿದವರ ಜಾತಿಯನ್ನು ಸಾರುತ್ತಿದ್ದವು. ಉಣ್ಣಬರಬಾರದವರು ಯಾರೆಂಬುದನ್ನು ಬರೆಯದೆಯೇ ತಿಳಿಸುತ್ತಿದ್ದವು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳಿಗೆ ಜಾತಿ ಮತದ ಕಾರಣದಿಂದ ಯಾರಿಗೂ ಪ್ರವೇಶವನ್ನು ತಡೆಯಬಾರದೆಂದು 15ನೆಯ ವಿಧಿ ಹೆಸರಿಟ್ಟು ಹೇಳಿತು. ದೇಶದ ಮೂಲ ಶಾಸನದಲ್ಲಿ ಹೋಟೆಲಿನ ಮಾತೇಕೆ ಬಂದಿತು? ಚಹದ ಬಟ್ಟಲಿನ ಮುಂದೆ ನಿಂತು ಅವಮಾನವನ್ನು ನುಂಗಿದವರಿಗೆ ಆ ಪ್ರಶ್ನೆ ಏಳಲಾರದು. 1955ರಲ್ಲಿ ಇದಕ್ಕೆ ಶಿಕ್ಷೆಯ ಕಾಯಿದೆಯೂ ಬಂದಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯವನ್ನು ಸೇರಿದೆವು.

ಇನ್ನು ನನ್ನ ಕಣ್ಣಾರೆ ಕಂಡದ್ದನ್ನು ಹೇಳಬೇಕು. 1963ರ ಸುಮಾರು, ನನಗೆ ಹತ್ತು ವರ್ಷ. ಅಪ್ಪನೊಡನೆ ಬಂಡಿಯಲ್ಲಿ ಸಂತೆಗೆ ಬಂದಿದ್ದೆ. ಬಂಡಿ ಹೊಡೆದವನು ನಮ್ಮ ಹೊಲದ ಆಳು. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಜೋಳದ ಚೀಲಗಳನ್ನು ಇಳಿಸಿದ ಮೇಲೆ ಮೂವರೂ ಒಂದು ಚಹಾದಂಗಡಿಯ ಮುಂದೆ ಬಂದೆವು. ಅಪ್ಪ ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತರು. ಕಾಕಾ ಹೊರಗೆ ಗೋಡೆಯ ಗೂಡಿನಲ್ಲಿದ್ದ, ಕಿವಿ ಮುರಿದ ಕಪ್ಪನ್ನು ತಾನೇ ತೆಗೆದುಕೊಂಡು ತೊಳೆದು ಹಿಡಿದ. ಅಂಗಡಿಯವನು ಮೇಲಿನಿಂದ ಚಹ ಸುರಿದ. “ಕಾಕಾ, ಒಳಗ ಬಾ” ಎಂದು ನಾನು ಕೂಗಿದೆ. “ನೀವು ಹೋಗ್ರಿ ಸಣ್ಣ ಧಣಿ, ನನಗ ಇಲ್ಲೇ ಛಲೋ ಅದ” ಎಂದ. ಹತ್ತು ವರ್ಷದವನಿಗೆ ಬಹುವಚನ, ಐವತ್ತರ ಸಮೀಪದವನಿಗೆ ಏಕವಚನ. ಅದು ನನ್ನ ಕಿವಿಗೆ ಆಗ ಬೀಳಲಿಲ್ಲ. ಅಪ್ಪ ಬಸಿಯಲ್ಲಿ ಚಹವನ್ನು ಆರಿಸಿಕೊಳ್ಳುತ್ತ ಸುಮ್ಮನಿದ್ದರು. ಕಾಯಿದೆಗೆ ಆಗ ಎಂಟು ವರ್ಷ ತುಂಬಿತ್ತು.

ಆಮೇಲೆ ಬಹಳ ನೀರು ಹರಿಯಿತು; ನಿಜವಾಗಿಯೇ ಹರಿಯಿತು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗಳು ಸುರಪುರ, ಶಹಾಪುರಗಳ ಕಡೆಗೆ ಬಂದವು. ಜೋಳದ ಹೊಲಗಳಲ್ಲಿ ಭತ್ತ ಕಾಣಿಸಿಕೊಂಡಿತು. ಖಾನಾವಳಿಯ ತಾಟಿನಲ್ಲಿ ಕಡೆಗೆ ಬರುತ್ತಿದ್ದ ಅನ್ನ ನಡುವಿಗೆ ಬಂದು ಕುಳಿತಿತು. 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯ ಕೇಂದ್ರವಾಯಿತು. ಚಹದ ಕಪ್ಪೂ ಬದಲಾಯಿತು. ಇಂದು ಹೆಚ್ಚಿನ ಕಡೆ ಕುಡಿದು ಎಸೆಯುವ ಕಾಗದದ ಲೋಟ. ಅದು ಯಾರ ಕುಲವನ್ನೂ ಕೇಳುವುದಿಲ್ಲ. ಆದರೆ ತೊಳೆಯುವ ಪ್ರಶ್ನೆಯೇ ಇಲ್ಲದಲ್ಲಿ ಮನಸ್ಸು ತೊಳೆದಿದೆಯೋ ಇಲ್ಲವೋ ತಿಳಿಯುವುದೂ ಕಷ್ಟ. ಬೆಂಚಿನ ಮೇಲೆ ಯಾರ ಪಕ್ಕದಲ್ಲಿ ಯಾರು ಕೂಡುತ್ತಾರೆಂಬುದೇ ಈಗ ಉಳಿದ ಪರೀಕ್ಷೆ.

ಕಾಲುವೆಗೆ ನೀರು ಬಂದ ಆ ವರ್ಷಗಳಲ್ಲಿಯೇ ನಾನೊಮ್ಮೆ ರಜೆಯಲ್ಲಿ ಊರಿಗೆ ಬಂದವನು ಕಾಕಾನನ್ನು ಸಂತೆಯಲ್ಲಿ ಕಂಡೆ. “ಕಾಕಾ, ಒಳಗ ಬರ್ರಿ” ಎಂದೆ. ಅದೇ ಅಂಗಡಿ; ಗಲ್ಲೆಯ ಮೇಲೆ ಹಳೆಯ ಮಾಲಕನ ಮಗನಿದ್ದ. ಕಾಕಾ ಬಹಳ ಹೊತ್ತು ಬಾಗಿಲಲ್ಲಿ ನಿಂತು, ಬಳಿಕ ಬೆಂಚಿನ ತುದಿಯಲ್ಲಿ ಕುಳಿತರು. ಹುಡುಗ ಒಂದೇ ಬಗೆಯ ಎರಡು ಕಪ್ಪು-ಬಸಿಗಳನ್ನು ತಂದಿಟ್ಟ. ಯಾರೂ ತಿರುಗಿ ನೋಡಲಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನಾಚಿಕೆಯೂ ಆಯಿತು. ಚಹ ಕುಡಿದಾದ ಮೇಲೆ ನಾನು ದುಡ್ಡು ಕೊಡಲು ಗಲ್ಲೆಯ ಕಡೆಗೆ ಹೋದೆ. ತಿರುಗಿ ನೋಡಿದರೆ ಕಾಕಾ ಬೆಂಚಿನ ಮೇಲಿರಲಿಲ್ಲ. ಹೊರಗೆ ನೀರಿನ ಕೊಡದ ಬಳಿ ಬಗ್ಗಿ, ಎರಡೂ ಕಪ್ಪುಗಳನ್ನು ತೊಳೆಯುತ್ತಿದ್ದರು.