ಬತ್ತಿದ ಕಡಲಿಗೆ ರಾಗಿಕಾಳಿನಷ್ಟು ಸಾಕ್ಷಿ

ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ ಆಸ್ಟ್ರಕೋಡ್ ಎಂಬ ಜೀವಿಯನ್ನು ನೀವು ಬಹುಶಃ ಕಂಡಿರಲಾರಿರಿ. ಸಾಮಾನ್ಯವಾಗಿ ರಾಗಿಕಾಳಿನಷ್ಟೇ ಇರುವ ಅದರ ಮೈಗೆ ಎರಡು ಸುಣ್ಣದ ಚಿಪ್ಪುಗಳ ಹೊದಿಕೆ. ಜೀವಿ ಸತ್ತರೂ ಚಿಪ್ಪು ಕೆಸರಿನಲ್ಲಿ ಲಕ್ಷಾಂತರ ವರ್ಷ ಉಳಿಯಬಲ್ಲದು.

1970ರಲ್ಲಿ ‘ಗ್ಲೋಮರ್ ಚಾಲೆಂಜರ್’ ಹಡಗು ಮೆಡಿಟರೇನಿಯನ್ ಸಮುದ್ರದ ತಳವನ್ನು ಕೊರೆದಾಗ ಜಿಪ್ಸಮ್, ಕಲ್ಲುಪ್ಪು ದೊರೆತವು. ಸುಮಾರು 59.7 ಲಕ್ಷ ವರ್ಷಗಳ ಹಿಂದೆ ಅಟ್ಲಾಂಟಿಕ್‌ನೊಡನೆ ಸಂಪರ್ಕ ಕುಗ್ಗಿ ಈ ಕಡಲು ಉಪ್ಪುಗಟ್ಟತೊಡಗಿತ್ತು. ಹಾಗಾದರೆ ಬತ್ತಿದ್ದು ಆಳವಿಲ್ಲದ ನೀರೋ, ನಿಜವಾದ ಆಳಗಡಲೋ? ವಿವಾದ ಎದ್ದದ್ದು ಇಲ್ಲಿಯೇ. ಉಪ್ಪೊಂದೇ ಇದಕ್ಕೆ ಉತ್ತರ ಹೇಳಲಾರದು.

ಅಮೆರಿಕದ ರಿಚರ್ಡ್ ಬೆನ್ಸನ್ ಚಿಪ್ಪುಗಳನ್ನು ಪರಿಶೀಲಿಸಿದರು. ಬೆಳಕಿರುವ ನೀರಿನ ಎಷ್ಟೋ ಆಸ್ಟ್ರಕೋಡ್‌ಗಳ ಚಿಪ್ಪಿನ ಮೇಲೆ ಕಣ್ಣಿನ ಜಾಗದಲ್ಲಿ ಸಣ್ಣ ಉಬ್ಬು ಇರುತ್ತದೆ. ಕಗ್ಗತ್ತಲ ಆಳದವು ಕುರುಡು. 53.3 ಲಕ್ಷ ವರ್ಷಗಳ ಹಿಂದೆ ಕಡಲು ಮತ್ತೆ ತುಂಬಿದ ಮೇಲಿನ ಕೆಸರಿನಲ್ಲಿ ಅವರಿಗೆ ಸಿಕ್ಕಿದ್ದು ಆಳದ ತಣ್ಣೀರಿನ ಜಾತಿಗಳು. ಉಪ್ಪಿಗಿಂತ ಹಿಂದಿನ ಪದರಗಳಲ್ಲೂ ಅವುಗಳ ಬಳಗವಿತ್ತು. ಇಂದು ಮೆಡಿಟರೇನಿಯನ್‌ನ ಆಳದ ನೀರು ಸುಮಾರು 13 ಡಿಗ್ರಿ ಸೆಲ್ಸಿಯಸ್. ಅಟ್ಲಾಂಟಿಕ್ ಆಳದ ತಣ್ಣೀರನ್ನು ಜಿಬ್ರಾಲ್ಟರ್‌ನ ಹೊಸ್ತಿಲು ಒಳಗೆ ಬಿಡುವುದಿಲ್ಲ. ಅಂದಿನ ಬಾಗಿಲು ಇನ್ನೂ ಆಳವಾಗಿದ್ದಿರಬೇಕೆಂದು ಬೆನ್ಸನ್ ವಾದಿಸಿದರು.

ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಉಪ್ಪಿನ ಕಾಲದ ಕೊನೆಯ ಪದರಗಳು. ಅಲ್ಲಿರುವುದು ಸೈಪ್ರಿಡೈಸ್ ಎಂಬ ಅಳಿವೆ, ಹಿನ್ನೀರುಗಳ ಆಸ್ಟ್ರಕೋಡ್. ಜೊತೆಗೆ ಕಪ್ಪುಸಮುದ್ರದ ಕಡೆಯ ನೆಂಟರು. ಕಡಲಿದ್ದಲ್ಲಿ ಸಪ್ಪೆ ನೀರಿನ ಸರೋವರ! ಆ ಸರೋವರ ಒಂದೋ ಹಲವೋ, ಅದಕ್ಕೆ ಮುಂಚೆ ನೀರು ಎಷ್ಟು ಇಳಿದಿತ್ತು ಎಂಬ ಚರ್ಚೆ ಇಂದಿಗೂ ನಡೆದೇ ಇದೆ.