ಏಳು ಕಾಲೇಜು, ಒಂದು ಡಬ್ಬಿ

2010ರ ಜುಲೈ 12, ಸೋಮವಾರ. ಹಿಂದಿನ ರಾತ್ರಿ ಸ್ಪೇನ್ ಫುಟ್‌ಬಾಲ್ ವಿಶ್ವಕಪ್ ಗೆದ್ದಿತ್ತು. ಗದಗಿನ ನಮ್ಮ ಬಾಡಿಗೆ ರೂಮಿನಲ್ಲಿ ನಾಲ್ಕು ಜನ ನಡುರಾತ್ರಿ ದಾಟುವ ತನಕ ಮ್ಯಾಚ್ ನೋಡಿ, ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತ ಚಹಾದಂಗಡಿಗೆ ಹೋದೆವು. ಅಲ್ಲಿನ ಟಿವಿಯಲ್ಲಿ ಶ್ರೀಹರಿಕೋಟಾದಿಂದ ರಾಕೆಟ್ ಹಾರಿದ್ದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. 9 ಗಂಟೆ 22 ನಿಮಿಷಕ್ಕೆ ಹೊರಟ ಪಿಎಸ್‌ಎಲ್‌ವಿ-ಸಿ15. ಒಳಗೆ ಐದು ಉಪಗ್ರಹ. ದೊಡ್ಡದು 694 ಕೆಜಿಯ ಕಾರ್ಟೊಸ್ಯಾಟ್-2ಬಿ. ಎಲ್ಲಕ್ಕಿಂತ ಪುಟ್ಟದು, ಒಂದು ಕೆಜಿಗೂ ಕಡಿಮೆ ತೂಕದ ಸ್ಟುಡ್‌ಸ್ಯಾಟ್. ಅದನ್ನು ಮಾಡಿದವರು ನಮ್ಮಂಥದೇ ಇಂಜಿನಿಯರಿಂಗ್ ಹುಡುಗ ಹುಡುಗಿಯರು.

ಆ ವಾರದ ಕೊನೆಗೆ ಮುಂಡರಗಿಗೆ ಹೋದಾಗ ಅಪ್ಪ ಪೇಪರ್ ಹಿಡಿದು ಕೂತಿದ್ದರು. ‘ಇದು ಎಷ್ಟ್ ದೊಡ್ಡದೈತಿ?’ ಅಂತ ಕೇಳಿದರು. 10 ಸೆಂಟಿಮೀಟರ್ ಉದ್ದ, 10 ಅಗಲ, ಹದಿಮೂರೂವರೆ ಎತ್ತರ. ಕೈಯಲ್ಲಿ ತೋರಿಸಿದೆ. ಹೆಚ್ಚುಕಮ್ಮಿ ನಮ್ಮನೆ ಚಹಾಪುಡಿ ಡಬ್ಬಿ. ಅಪ್ಪ ಡಬ್ಬಿ ನೋಡಿದರು, ಪೇಪರ್ ನೋಡಿದರು. ‘ಇಷ್ಟಕ್ಕ ಏಳು ಕಾಲೇಜ್ ಯಾಕ ಬೇಕಾದ್ವೋ?’

ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಗೋಕೆ ಸುಮಾರು ವರ್ಷ ಹಿಡಿಯಿತು. ಅದರ ಕತೆ ಇದು.

ಮೊದಲು ಆ ಏಳು ಯಾವುವು ಹೇಳಿಬಿಡುತ್ತೇನೆ. ಬೆಂಗಳೂರಿನವು ನಾಲ್ಕು: ಮುಂದಾಳತ್ವ ವಹಿಸಿದ ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಕಾಲೇಜು, ಜೊತೆಗೆ ಎಂ.ಎಸ್. ರಾಮಯ್ಯ, ಆರ್.ವಿ., ಬಿಎಂಎಸ್‌ಐಟಿ. ಹೈದರಾಬಾದಿನವು ಮೂರು: ಚೈತನ್ಯ ಭಾರತಿ, ವಿಜ್ಞಾನ್ ಮತ್ತು ಏರೊನಾಟಿಕಲ್ ಇಂಜಿನಿಯರಿಂಗ್ ಸಂಸ್ಥೆ. 2007ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ಸಮ್ಮೇಳನ ನಡೆಯಿತು. ಅಲ್ಲಿಗೆ ಹೋಗಿದ್ದ ಕೆಲವು ವಿದ್ಯಾರ್ಥಿಗಳ ತಲೆಗೆ ಹೊಕ್ಕ ಹುಳ ಇದು. ಬೇರೆ ದೇಶದ ಹುಡುಗರು ತಾವೇ ಮಾಡಿದ ಪುಟಾಣಿ ಉಪಗ್ರಹಗಳ ಬಗ್ಗೆ ಮಾತಾಡುತ್ತಿದ್ದ ಕಾಲ ಅದು. 1999ರಲ್ಲಿ ಅಮೆರಿಕದ ಇಬ್ಬರು ಪ್ರೊಫೆಸರ್‌ಗಳು, ಜೋರ್ಡಿ ಪ್ವಿಗ್-ಸ್ವಾರಿ ಮತ್ತು ಬಾಬ್ ಟ್ವಿಗ್ಸ್, ಹತ್ತು ಸೆಂಟಿಮೀಟರ್ ಘನದ ‘ಕ್ಯೂಬ್‌ಸ್ಯಾಟ್’ ಅಳತೆಯೊಂದನ್ನು ಗೊತ್ತುಮಾಡಿದ್ದರು. ಅಳತೆ ಒಂದೇ ಆದರೆ ಯಾರ ರಾಕೆಟ್ಟಿನ ಮೂಲೆಯಲ್ಲಾದರೂ ಅದಕ್ಕೆ ಜಾಗ ಹೊಂದಿಸುವುದು ಸುಲಭ.

ನಮ್ಮಲ್ಲಿ ಅಲ್ಲಿಯವರೆಗೆ ಉಪಗ್ರಹ ಅಂದರೆ ಸರಕಾರದ ಕೆಲಸ. ಉಡುಪಿಯ ಅದಮಾರಿನ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಕಟ್ಟಿದ್ದು, ಅದು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ್ದು ಎಲ್ಲರಿಗೂ ಗೊತ್ತು. 2009ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ 40 ಕೆಜಿಯ ಅನುಸ್ಯಾಟ್ ಹೋಯಿತು. ಆದರೆ ಅಣ್ಣಾ ದೊಡ್ಡ ವಿಶ್ವವಿದ್ಯಾಲಯ. ಪದವಿ ಓದುವ ಮೂವತ್ತು ಮೂವತ್ತೈದು ಮಕ್ಕಳು, ಏಳು ಖಾಸಗಿ ಕಾಲೇಜು, ಎರಡು ಊರು ಸೇರಿ ಉಪಗ್ರಹ ಮಾಡುವುದು ಬೇರೆಯದೇ ಲೆಕ್ಕ.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಚಹಾಪುಡಿ ಡಬ್ಬಿಗೆ ಏಳು ಕಾಲೇಜು ಯಾಕೆ?

ಡಬ್ಬಿ ಸಣ್ಣದಾದ ಮಾತ್ರಕ್ಕೆ ಅದರೊಳಗಿನ ಕೆಲಸ ಕಡಿಮೆಯಾಗುವುದಿಲ್ಲ. 694 ಕೆಜಿಯ ಅಣ್ಣನಲ್ಲಿ ಏನೇನಿದೆಯೋ ಅದರ ಪುಟ್ಟ ರೂಪ ತಮ್ಮನಲ್ಲೂ ಬೇಕು. ಸೌರಫಲಕ, ಬ್ಯಾಟರಿ, ರೇಡಿಯೊ, ಕಂಪ್ಯೂಟರ್, ದಿಕ್ಕು ತಿಳಿಯುವ ಸೆನ್ಸರ್, ಕ್ಯಾಮರಾ. ಆರು ನೂರು ಕಿಲೋಮೀಟರಿಗೂ ಮೇಲೆ ಸುಮಾರು 97 ನಿಮಿಷಕ್ಕೊಂದು ಸುತ್ತು. ಆ ಒಂದೇ ಸುತ್ತಿನಲ್ಲಿ ಸುಡು ಬಿಸಿಲೂ ಬರುತ್ತದೆ, ಹೆಪ್ಪುಗಟ್ಟಿಸುವ ನೆರಳೂ ಬರುತ್ತದೆ. ಮೆಕ್ಯಾನಿಕಲ್‌ನವನಿಗೆ ರೇಡಿಯೊ ಬರಲ್ಲ, ಎಲೆಕ್ಟ್ರಾನಿಕ್ಸ್‌ನವಳಿಗೆ ಶಾಖದ ಲೆಕ್ಕ ಬರಲ್ಲ. ಮೇಲೆ ಹೋದಮೇಲೆ ಒಂದು ಬೆಸುಗೆ ಬಿಟ್ಟರೆ ರಿಪೇರಿಗೆ ಯಾರೂ ಹೋಗಲ್ಲ.

ಎರಡನೆಯದು ವಯಸ್ಸಿನ ತೊಂದರೆ. ಇಂಜಿನಿಯರಿಂಗ್ ನಾಲ್ಕು ವರ್ಷ. ಶುರು ಮಾಡಿದವರು ಕೆಲಸ ಕಲಿಯುವಷ್ಟರಲ್ಲಿ ಕ್ಯಾಂಪಸ್ ಸೆಲೆಕ್ಷನ್ ಬಂದು ಎತ್ತಿಕೊಂಡು ಹೋಗುತ್ತದೆ. ಕೈಬದಲಾಗುತ್ತ ಹೋಗುವ ಕೆಲಸ ನಿಲ್ಲಬೇಕೆಂದರೆ ಜನ ಬೇಕು, ಬರೆದಿಟ್ಟ ದಾಖಲೆ ಬೇಕು, ನಡುವೆ ಕದಲದ ಮೇಷ್ಟ್ರು ಬೇಕು. ನಿಟ್ಟೆಯಲ್ಲಿ ಡಾ. ಝರ್ನಾ ಮಜುಮ್‌ದಾರ್ ಯೋಜನೆಗೆ ಹಾಗೆ ಬೆನ್ನೆಲುಬಾಗಿದ್ದರು.

ಮೂರನೆಯದು ಕಿವಿ. ಇದು ಯಾರಿಗೂ ಹೊಳೆಯಲ್ಲ. ಉಪಗ್ರಹ ದಿನಕ್ಕೆ ಹದಿನೈದು ಸುತ್ತು ಹಾಕಿದರೂ ಒಂದೇ ಊರಿನ ಆಂಟೆನಾಕ್ಕೆ ಸಿಗುವುದು ನಾಲ್ಕಾರು ಸಲ, ಸಿಕ್ಕಾಗಲೂ ಹೆಚ್ಚೆಂದರೆ ಹನ್ನೆರಡು ಹದಿಮೂರು ನಿಮಿಷ. ಗದಗ ಜಂಕ್ಷನ್ನಿನಲ್ಲಿ ನಿಲ್ಲದೆ ಹೋಗುವ ಗೂಡ್ಸ್ ಗಾಡಿಯ ಸೀಟಿ ಹತ್ತಿರ ಬರುವಾಗ ಒಂದು ಥರ, ದೂರ ಸರಿಯುವಾಗ ಇನ್ನೊಂದು ಥರ ಕೇಳುತ್ತದಲ್ಲ, ಉಪಗ್ರಹದ ಸಂಕೇತವೂ ಹಾಗೇ ಜಾರುತ್ತದೆ. ಅದನ್ನು ಬೆನ್ನಟ್ಟಿ ಹಿಡಿಯಬೇಕು. ಅದಕ್ಕೇ ಯಲಹಂಕದ ಕಾಲೇಜಿನಲ್ಲಿ ಒಂದು ಭೂಕೇಂದ್ರ ಕಟ್ಟಿದರು. ಉಳಿದ ಹೊತ್ತು ಬೇರೆ ಬೇರೆ ದೇಶದ ಹ್ಯಾಮ್ ರೇಡಿಯೊ ಹವ್ಯಾಸಿಗಳ ಕಿವಿಯೇ ಗತಿ. ಅಂದರೆ ಏಳು ಕಾಲೇಜೂ ಸಾಲದು, ಜಗತ್ತೇ ಬೇಕು.

ಉಡಾವಣೆ ಮೊದಲು ನಿಗದಿಯಾಗಿದ್ದು ಮೇ 9ಕ್ಕೆ. ರಾಕೆಟ್ಟಿನ ಎರಡನೇ ಹಂತದಲ್ಲಿ ಒತ್ತಡ ಇಳಿದದ್ದು ಕಂಡು ಇಸ್ರೋ ಮುಂದೂಡಿತು. ಎರಡು ತಿಂಗಳು ಕಾದು ಜುಲೈ 12ಕ್ಕೆ ಹಾರಿತು. ಅದೇ ದಿನ ಯಲಹಂಕದಲ್ಲಿ ಮೊದಲ ಸಂಕೇತ ಕೇಳಿಸಿತು. ಆದರೆ ಅದರ ಮಾತು ಬಹಳ ಕಾಲ ನಡೆಯಲಿಲ್ಲ. ಅದು ತೆಗೆದ ಚಿತ್ರವನ್ನು ನಾನಂತೂ ಯಾವ ಪತ್ರಿಕೆಯಲ್ಲೂ ನೋಡಲಿಲ್ಲ.

‘ಹಂಗಾರ ಫೇಲಾತು’ ಅಂದ ನಮ್ಮ ರೂಮಿನ ಗೆಳೆಯ. ನಾನೂ ಹೂಂಗುಟ್ಟಿದೆ. ಹೂಂಗುಟ್ಟೋಕೆ ನನಗೆ ಬೇರೆ ಕಾರಣ ಇತ್ತು.

ನಾನು ಓದಿದ ಕಾಲೇಜಿನ ಹೆಸರು ಇಲ್ಲಿ ಬೇಡ. ಅಲ್ಲಿ ಒಂದು ಒಳ್ಳೆಯ ಲ್ಯಾಬ್ ಇತ್ತು, ಅದಕ್ಕೊಂದು ಒಳ್ಳೆಯ ಬೀಗ ಇತ್ತು. ಉಪಕರಣ ಕೆಟ್ಟರೆ ಯಾರು ಹೊಣೆ ಅನ್ನುವ ಪ್ರಶ್ನೆಗೆ ಬೀಗವೇ ಉತ್ತರ. ಕೊನೇ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ತಲಾ ಎರಡು ಸಾವಿರ ಹಾಕಿ ಹುಬ್ಬಳ್ಳಿಯ ಅಂಗಡಿಯೊಂದರಿಂದ ರೆಡಿಮೇಡ್ ಸರ್ಕ್ಯೂಟ್ ತಂದೆವು, ರಿಪೋರ್ಟ್ ಸಮೇತ. ವೈವಾದಲ್ಲಿ ಒಳ್ಳೆಯ ಅಂಕವೂ ಬಂತು. ನನ್ನದೇ ವಯಸ್ಸಿನವರು ಉಪಗ್ರಹ ಹಾರಿಸಿದ ವರ್ಷ ನಾನು ಪ್ರಾಜೆಕ್ಟ್ ಕೊಂಡುಕೊಂಡೆ. ಇದನ್ನು ಇಷ್ಟು ನೇರವಾಗಿ ಬರೆಯೋಕೆ ಹತ್ತು ವರ್ಷ ಬೇಕಾಯಿತು. ಅವರು ಫೇಲಾದರು ಅಂದುಕೊಂಡರೆ ನನಗೆ ಹಗುರ. ಅಷ್ಟೇ.

ನಿಜಕ್ಕೂ ಅವರು ಫೇಲಾಗಿರಲಿಲ್ಲ. ಆರ್ಯಭಟದಲ್ಲೂ ಕೆಲವೇ ದಿನಕ್ಕೆ ವಿದ್ಯುತ್ ಕೈಕೊಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೆ ಅದನ್ನು ಕಟ್ಟಿದ ಕೈಗಳು ಮುಂದೆ ಇನ್ಸಾಟ್, ಐಆರ್‌ಎಸ್‌ಗಳನ್ನು ಕಟ್ಟಿದವು. ಸ್ಟುಡ್‌ಸ್ಯಾಟ್ ತಂಡದ ಮುಂದಿನ ಪೀಳಿಗೆ ಒಂದಕ್ಕೊಂದು ಮಾತಾಡುವ ಜೋಡಿ ಉಪಗ್ರಹದ ವಿನ್ಯಾಸಕ್ಕೆ ಇಳಿಯಿತು. 2016ರ ಸೆಪ್ಟೆಂಬರ್ 26ರಂದು ಬೆಂಗಳೂರಿನದೇ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ ಹಾರಿತು.

ಸ್ಟುಡ್‌ಸ್ಯಾಟ್ ಕ್ಯಾಮರಾದ ಸಾಮರ್ಥ್ಯ 90 ಮೀಟರ್. ಅಂದರೆ ಚಿತ್ರದ ಒಂದು ಚುಕ್ಕೆಗೆ ನೆಲದ ಮೇಲೆ 90 ಮೀಟರ್ ಉದ್ದ, 90 ಮೀಟರ್ ಅಗಲ. ಒಂದು ಸಲ ಸುಮ್ಮನೆ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ: 8100 ಚದರ ಮೀಟರ್. ಸರಿಯಾಗಿ ಎರಡು ಎಕರೆ! ಮುಂಡರಗಿ ಹತ್ತಿರ ನಮ್ಮದು ಇರುವುದೇ ಎರಡು ಎಕರೆ ಎರಿ ಹೊಲ. ಒಂದು ವರ್ಷ ಉಳ್ಳಾಗಡ್ಡಿ, ಒಂದು ವರ್ಷ ಮೆಣಸಿನಕಾಯಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಾಲ್ಕನ್ನೂ ಆ ಡಬ್ಬಿ ಹತ್ತು ಸೆಕೆಂಡಿನೊಳಗೆ ದಾಟುತ್ತದೆ. ಅಷ್ಟರಲ್ಲಿ ನಮ್ಮ ಹೊಲ ಒಂದೇ ಒಂದು ಚುಕ್ಕೆ. ಆದರೂ ಚುಕ್ಕೆಯೇ ತಾನೆ? ಇಲ್ಲ ಅನ್ನೋ ಹಾಗಿಲ್ಲ.

2020ರ ಲಾಕ್‌ಡೌನ್. ನಿಮ್ಮ ಹಾಗೆ ನಾನೂ ಲ್ಯಾಪ್‌ಟಾಪ್ ಹೊತ್ತು ಊರಿಗೆ ಹೋದೆ. ಸಂಜೆ ಹೊತ್ತು ಹೋಗದೆ ಎರಡೂವರೆ ಸಾವಿರದ ಒಂದು ಯುಎಸ್‌ಬಿ ರೇಡಿಯೊ ತರಿಸಿದೆ. ಅಲ್ಯುಮಿನಿಯಂ ಕಡ್ಡಿ ಎರಡನ್ನು ವಿ ಆಕಾರಕ್ಕೆ ಕಟ್ಟಿ ಮಾಳಿಗೆ ಮೇಲೆ ಹತ್ತಿದೆ. ಅಮೆರಿಕದ ಹವಾಮಾನ ಉಪಗ್ರಹ ನೋವಾ-19 ಕಪ್ಪತಗುಡ್ಡದ ಕಡೆ ಏಳುತ್ತಿದ್ದ ಹಾಗೆ ‘ಟಿಕ್ ಟಿಕ್’ ಶುರುವಾಯಿತು. ಪರದೆಯ ಮೇಲೆ ಗೆರೆ ಗೆರೆಯಾಗಿ ಅರಬ್ಬಿ ಸಮುದ್ರ, ಮೋಡ, ಕರಾವಳಿ ಇಳಿದವು. ಲ್ಯಾಬಿನ ಬೀಗ ನಾನೇ ತೆಗೆದ ಹಾಗಾಯಿತು.

ಅಪ್ಪ ಹಿಂದೆ ನಿಂತಿದ್ದರು. ಹಳೇ ಪ್ರಶ್ನೆ ನೆನಪಿಸಿ ನಾನು ಉತ್ತರ ಹೇಳತೊಡಗಿದೆ: ಒಬ್ಬರ ಹತ್ತಿರ ಎಲ್ಲ ಇರಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದರೆ... ಅರ್ಧಕ್ಕೇ ತಡೆದು ಅಂದರು, ‘ಹಂಗಂದ್ರ ಸೊಸೈಟಿ ಅನ್ನು.’

ಹೌದಲ್ಲ! ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು ಇದನ್ನೇ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅದು. ಸಹಕಾರ ಕಾಯ್ದೆ ಬಂದು ಆಗಿನ್ನೂ ಒಂದು ವರ್ಷ. ಒಬ್ಬ ರೈತನಿಗೆ ಯಾರೂ ಸಾಲ ಕೊಡಲ್ಲ, ಕೊಟ್ಟರೂ ಬಡ್ಡಿಯಲ್ಲಿ ಮುಳುಗಿಸುತ್ತಾರೆ. ಹತ್ತು ಜನ ಸೇರಿ ಒಬ್ಬರಿಗೊಬ್ಬರು ನಿಂತರೆ ಕೊಡುತ್ತಾರೆ. ನಾನು ‘ಕನ್ಸಾರ್ಷಿಯಂ’ ಅಂತ ದೊಡ್ಡ ಪದ ಹುಡುಕುತ್ತಿದ್ದೆ. ಅಪ್ಪ ಅದರ ಮೆಂಬರ್ ಆಗಿ, ಬೀಜ ಗೊಬ್ಬರ ತಂದು, ಮೂವತ್ತು ವರ್ಷ ಆಗಿತ್ತು.

ನನ್ನ ತಕರಾರು ಒಂದೇ. ಸ್ಟುಡ್‌ಸ್ಯಾಟ್‌ನ ಏಳು ಕಾಲೇಜೂ ಎರಡು ರಾಜಧಾನಿಗಳಲ್ಲೇ ಇದ್ದವು. ಸೊಸೈಟಿಯ ಲೆಕ್ಕವೇ ಬೇರೆ. ಇಲ್ಲದವನನ್ನು ಸೇರಿಸಿಕೊಂಡಾಗಲೇ ಅದಕ್ಕೆ ಅರ್ಥ. ಅದು ಆಗದ ಮಾತೇನಲ್ಲ. 2023ರ ಫೆಬ್ರವರಿ 10ರಂದು ಹಾರಿದ ಆಜಾದಿಸ್ಯಾಟ್-2ಕ್ಕೆ ಬಿಡಿಭಾಗಗಳನ್ನು ಜೋಡಿಸಿದವರಲ್ಲಿ ದೇಶದ ಹಳ್ಳಿಗಾಡಿನ ಸರಕಾರಿ ಶಾಲೆಗಳ ನೂರಾರು ಹೆಣ್ಣುಮಕ್ಕಳಿದ್ದರು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗ, ಈಗ ಎಲೆಕ್ಟ್ರಾನಿಕ್ಸ್ ಎರಡನೇ ವರ್ಷ, ಮಾಳಿಗೆ ಮೇಲಿನ ಆಂಟೆನಾ ಬಿಚ್ಚಿ ಕಾಲೇಜಿಗೆ ಒಯ್ಯಲಾ ಅಂತ ಕೇಳಿದ. ಒಯ್ಯಿ ಅಂದೆ. ಲ್ಯಾಬಿನೊಳಗೆ ಇಡಬೇಡ, ಟೆರೇಸ್ ಮೇಲೇ ಇಡು ಅಂತಲೂ ಹೇಳಿದೆ.